ತೃಷೆಯನ್ನು ತಡೆದವರು

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ, ಬೆಳಗಿನ ಎಂಟರಿಂದ ಒಂಬತ್ತು ಗಂಟೆಯವರೆಗೆ ರಸ್ತೆಯಲ್ಲಿ ಹಾದುಹೋಗುವ ತರುಣ ತರುಣಿಯರ ಬೆನ್ನಿನ ಚೀಲಗಳಲ್ಲಿ, ಪಕ್ಕದ ಜಾಳಿಗೆಯ ಕಿಸೆಯೊಳಗೆ, ಒಂದೊಂದು ನೀರಿನ ಬಾಟಲಿ ಇದ್ದೇ ಇರುತ್ತದೆ; ಕೆಲವರದು ಉಕ್ಕಿನದು, ಕೆಲವರದು ಬಣ್ಣದ ಪ್ಲಾಸ್ಟಿಕ್ಕಿನದು, ಇನ್ನು ಕೆಲವರದು ಎಂದೋ ಬಸ್‌ಸ್ಟ್ಯಾಂಡಿನಲ್ಲಿ ಕೊಂಡು, ಲೇಬಲ್ಲು ಹರಿದುಹೋಗಿ, ಮೈಯೆಲ್ಲ ನೆಗ್ಗಿದ ಮೇಲೂ ಸೇವೆಯಿಂದ ಬಿಡುಗಡೆ ಹೊಂದದ ಬಾಟಲಿ. ಈ ಸಾಲನ್ನು ನೋಡಿದವರು, ನೀರಿನ ವಿಷಯದಲ್ಲಿ ಇಂದಿನ ವಿದ್ಯಾರ್ಥಿಗಳಷ್ಟು ಎಚ್ಚರವುಳ್ಳವರು ಹಿಂದೆ ಯಾರೂ ಇರಲಿಲ್ಲವೆಂದು ಭಾವಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ಮಕ್ಕಳು ಸಂಜೆ ಮರಳುವಾಗ ಅವರ ಬಾಟಲಿಗಳ ಕಡೆಗೆ ಕಣ್ಣು ಹಾಯಿಸಿದರೆ, ಹುಡುಗರ ಬಾಟಲಿಗಳು ಬಹುಮಟ್ಟಿಗೆ ಬರಿದಾಗಿಯೂ ಹುಡುಗಿಯರ ಬಾಟಲಿಗಳು ಬಹುಮಟ್ಟಿಗೆ ತುಂಬಿಯೂ ಇರುವುದು ಕಾಣುತ್ತದೆ. ಒಂದೇ ಬಿಸಿಲು, ಒಂದೇ ಕಾಲೇಜು, ಒಂದೇ ಪಾಠಪಟ್ಟಿ. ಆದರೂ ಈ ವ್ಯತ್ಯಾಸ ಏತಕ್ಕೆ ಎಂಬುದೇ ಈ ಲೇಖನದ ವಿಚಾರ.

ಊರಿನ ಸಂಗತಿಯನ್ನು ಮೊದಲು ಹೇಳಬೇಕು. ಹತ್ತಿ ಗಿರಣಿಗಳ ಊರೆಂದು ಹೆಸರಾಗಿದ್ದ ದಾವಣಗೆರೆಯು, ಗಿರಣಿಗಳ ವೈಭವ ಇನ್ನೂ ಇಳಿಮುಖವಾಗದಿದ್ದ ಕಾಲದಲ್ಲಿಯೇ ವಿದ್ಯೆಯ ಕಡೆಗೂ ಕೈಚಾಚಿತು. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಮನೆತನದ ದಾನದ ಬಲದಿಂದ 1951ರಲ್ಲಿ ಇಲ್ಲಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿತು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಸ್ಥಾಪನೆಗೊಂಡಿತು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ತಾಂತ್ರಿಕ ಮಹಾವಿದ್ಯಾಲಯ, ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. ಆ ಕೇಂದ್ರವೇ ಮುಂದೆ ಕುವೆಂಪು ವಿಶ್ವವಿದ್ಯಾಲಯದ ಮಡಿಲಿಗೆ ಹೋಗಿ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವೆಂಬ ಸ್ವತಂತ್ರ ಹೆಸರನ್ನು ಪಡೆದು, ತೋಳಹುಣಸೆಯ ಬಳಿಯ ಶಿವಗಂಗೋತ್ರಿಯಲ್ಲಿ ನೆಲೆಸಿದೆ. ಗಂಗೆಯ ಹೆಸರನ್ನು ಹೊತ್ತ ಆವರಣದಲ್ಲಿ ನೀರಿನ ಮಾತು ಅಪ್ರಸ್ತುತವಾಗಲಾರದು. ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿ, ರಾಣೇಬೆನ್ನೂರು ಮುಂತಾದ ಕಡೆಗಳಿಂದ ಬರುವ ಮಕ್ಕಳು ಹಾಸ್ಟೆಲುಗಳಲ್ಲಿಯೂ ಪೀಜಿಗಳಲ್ಲಿಯೂ ಓನರ್ ಮನೆಯ ಮಹಡಿಯ ಮೇಲಿನ ಒಂಟಿ ರೂಮುಗಳಲ್ಲಿಯೂ ಬಿಡಾರ ಹೂಡಿದರೆ, ಹರಿಹರದವರು 14 ಕಿಲೋಮೀಟರಿನ ದಾರಿಯನ್ನು ನಿತ್ಯವೂ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಾರೆ.

ಕುಡಿಯುವ ನೀರಿನ ಮಟ್ಟಿಗೆ ದಾವಣಗೆರೆ ಹರಿಹರಗಳು ನಿರ್ಭಾಗ್ಯದವೆಂದು ಹೇಳುವಂತಿಲ್ಲ. ತುಂಗಾ ಪಾನ, ಗಂಗಾ ಸ್ನಾನ ಎಂಬ ನಾಣ್ಣುಡಿಯಲ್ಲಿ ಹೊಗಳಿಸಿಕೊಂಡ ಹೊಳೆಯು ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಹರಿಹರದ ಹರಿಹರೇಶ್ವರನ ಗುಡಿಯ ಬದಿಗೆ ಹರಿಯುತ್ತದೆ. ಸೂಳೆಕೆರೆಯಿಂದ ಇಳಿದುಬರುವ ಹರಿದ್ರಾ ನದಿಯೂ ಅಲ್ಲಿಯೇ ಬಂದು ಸೇರುತ್ತದೆ. ದಾವಣಗೆರೆಗೆ ನೀರು ಬರುವುದು ಎರಡು ದಾರಿಯಿಂದ: ಒಂದು, ಹರಿಹರದ ಸಮೀಪದ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಮೇಲೆತ್ತಿದ ನೀರು; ಮತ್ತೊಂದು, ಲಕ್ಕವಳ್ಳಿಯ ಅಣೆಕಟ್ಟಿನಿಂದ ಭದ್ರಾ ನಾಲೆಯಲ್ಲಿ ಹರಿದು ಬಂದು, ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ತಂಗಿ, ಶುದ್ಧಿಗೊಂಡು ಕೊಳಾಯಿಗೆ ಇಳಿಯುವ ನೀರು. ನಾಲೆಯಲ್ಲಿ ನೀರು ವರ್ಷವಿಡೀ ಹರಿಯುವುದಿಲ್ಲವಾದ್ದರಿಂದ ಈ ಕೆರೆಗಳು ಬೇಸಿಗೆಯ ಉಗ್ರಾಣದಂತೆ ಇರುತ್ತವೆ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ ಮೇಲೆ ಬಂದ ಬೇಸಿಗೆಯಲ್ಲಿ, ಉಗ್ರಾಣದ ತಳ ಎಲ್ಲಿದೆಯೆಂಬುದು ಊರಿಗೆ ಗೊತ್ತಾಯಿತು. ದಿನದ ಇಪ್ಪತ್ನಾಲ್ಕು ಗಂಟೆಯೂ ನಲ್ಲಿಯಲ್ಲಿ ನೀರು ಬರಬೇಕೆಂಬ ಜಲಸಿರಿ ಯೋಜನೆಯ ಹೆಸರನ್ನು ಎರಡೂ ಊರುಗಳ ಜನ ವರ್ಷಗಳಿಂದ ಕೇಳುತ್ತಿದ್ದಾರೆ, ಅದಕ್ಕಾಗಿ ಅಗೆದ ರಸ್ತೆಗಳನ್ನು ದಾಟುತ್ತಿದ್ದಾರೆ. ಆದರೂ ಸಂಪು ಮತ್ತು ಸಿಂಟೆಕ್ಸ್ ಟ್ಯಾಂಕಿಗೆ ವಿದಾಯ ಹೇಳುವ ಧೈರ್ಯವನ್ನು ಯಾವ ಓನರೂ ತಾಳಿದಂತಿಲ್ಲ.

ಹಾಗಾಗಿ ವಿದ್ಯಾರ್ಥಿಯ ಪಾಲಿಗೆ ನೀರೆಂಬುದು ಒಂದಲ್ಲ, ಮೂರು. ನಲ್ಲಿ ನೀರು ಬಳಸುವುದಕ್ಕೆ, ಬೋರ್ ನೀರು ತೊಳೆಯುವುದಕ್ಕೆ, ಫಿಲ್ಟರ್ ನೀರು ಕುಡಿಯುವುದಕ್ಕೆ. ಮೂರನೆಯದನ್ನು ತರುವುದಕ್ಕೆ ಸರದಿಯ ಮೇಲೆ ಒಬ್ಬೊಬ್ಬರು 20 ಲೀಟರಿನ ಕ್ಯಾನನ್ನು ಬೈಕಿನ ಮೇಲಿಟ್ಟುಕೊಂಡು ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೋಗಿ, ನಾಣ್ಯ ಹಾಕಿ, ತುಂಬಿಸಿ, ಮೂರನೆಯ ಮಹಡಿಗೆ ಹೊತ್ತು ತರಬೇಕು. ಯಾರ ಸರದಿ ಎಂಬ ವಿಷಯದಲ್ಲಿ ಒಮ್ಮತವಿಲ್ಲದ ದಿನ ಆ ರೂಮಿನ ನಾಲ್ವರೂ ಬಾಯಾರಿಕೊಂಡು ಮಲಗುವರೇ ಹೊರತು, ಐದು ಹೆಜ್ಜೆ ದೂರದಲ್ಲಿರುವ ನಲ್ಲಿಯ ನೀರನ್ನು ಕುದಿಸಿ ಆರಿಸಿ ಕುಡಿಯಬಹುದೆಂಬ ಯೋಚನೆಯನ್ನು ಮಾಡರು. ಇದು ಕೇವಲ ಸೋಮಾರಿತನವೆಂದು ತಳ್ಳಿಹಾಕುವುದಕ್ಕೂ ಬರುವುದಿಲ್ಲ. ಜಗಳೂರಿನ ಕಡೆಯಿಂದ ಬಂದ ಹುಡುಗನೊಬ್ಬನಿಗೆ ನೆಲದ ನೀರಿನ ಮೇಲಿರುವ ಅವಿಶ್ವಾಸ ಪುಸ್ತಕದಿಂದ ಬಂದದ್ದಲ್ಲ. ಆ ಭಾಗದ ಕೊಳವೆಬಾವಿಗಳ ಫ್ಲೋರೈಡ್ ಅಜ್ಜ ಅಜ್ಜಿಯರ ಹಲ್ಲಿನ ಮೇಲೂ ಮೊಣಕಾಲಿನ ಮೇಲೂ ಬರೆದುದನ್ನು ಅವನು ಓದಿಕೊಂಡೇ ಬೆಳೆದಿದ್ದಾನೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಇರಬಹುದು, ಬೇರೆ ಗತಿಯಿಲ್ಲದಲ್ಲಿ 1.5ರವರೆಗೆ ಸಹಿಸಬಹುದು; ಆಚೆಗೆ ಸಲ್ಲದು. ಇಂಥ ನೀರನ್ನು ಕುದಿಸಿದರೆ ರೋಗಾಣು ಸತ್ತೀತು, ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುವುದೇ ಸರಿ. ಆದರೆ ಹೊಳೆಯ ನೀರು ಹಾಗಲ್ಲವೆಂದೂ, ಪಾಲಿಕೆಯ ಶುದ್ಧೀಕರಣ ಘಟಕದಿಂದ ಬಂದ ನೀರನ್ನು ಸಂಪಿನ ಕೊಳೆಯ ಭಯವಿದ್ದಲ್ಲಿ ಕುದಿಸಿಕೊಂಡರೆ ಸಾಕೆಂದೂ ಅವನಿಗೆ ತಿಳಿಸಿ ಹೇಳಿದವರಾರು?

ಇನ್ನು ಅವನ ದಿನಚರಿ. ರಾತ್ರಿ ಎರಡರವರೆಗೆ ಎಚ್ಚರವಾಗಿದ್ದು, ಎಂಟಕ್ಕೆ ಎದ್ದು, ಮುಖಕ್ಕೆ ನೀರು ಚಿಮುಕಿಸಿಕೊಂಡು, ಬಾಯಿಗೆ ಮಾತ್ರ ಅರ್ಧ ಲೋಟ ಚಹಾ ಸುರಿದುಕೊಂಡು ಓಡುವುದು. ಹನ್ನೊಂದಕ್ಕೆ ಮತ್ತೊಂದು ಚಹಾ. ಮಧ್ಯಾಹ್ನ ಮೆಸ್ಸಿನ ಊಟ. ಸಂಜೆ ಖಾರ ಮಂಡಕ್ಕಿ, ಮಿರ್ಚಿ, ಕೈಯಲ್ಲಿ ಕಾಸಿದ್ದರೆ ಬೆಣ್ಣೆ ದೋಸೆ. ಈ ಊರಿನ ತಿಂಡಿಗಳ ಕೀರ್ತಿಗೆ ಕಳಂಕ ತರುವ ಇಚ್ಛೆ ನನಗಿಲ್ಲ, ನಾನೂ ಅವುಗಳ ಋಣಿಯೇ. ಆದರೆ ಉಪ್ಪು ಹೆಚ್ಚಾಗಿರುವ ಈ ಪದಾರ್ಥಗಳು ದೇಹದಿಂದ ನೀರಿನ ಸುಂಕವನ್ನು ವಸೂಲು ಮಾಡುತ್ತವೆ. ಚಹಾ ಕಾಫಿಗಳು ದೇಹವನ್ನು ಒಣಗಿಸಿಬಿಡುತ್ತವೆಂಬ ಭಯ ಮಾತ್ರ ಅತಿಶಯೋಕ್ತಿ. ರೂಢಿಯಿದ್ದವನಿಗೆ ಮಿತಪ್ರಮಾಣದ ಚಹಾ ಕಾಫಿ ಕೊಡುವ ನೀರು ಅದು ಹೊರಹಾಕಿಸುವ ನೀರಿಗಿಂತ ಹೆಚ್ಚೇ ಆಗಿರುತ್ತದೆ. ದಾವಣಗೆರೆಯ ಬೈಟು ಲೋಟದ ಗಾತ್ರವನ್ನು ಕಂಡವರು, ಅದರಿಂದ ಲಾಭವೂ ನಷ್ಟವೂ ವಿಶೇಷವಿಲ್ಲವೆಂದು ಒಪ್ಪಿಯಾರು.

ಹಾಗಾದರೆ ಎಷ್ಟು ಕುಡಿಯಬೇಕು? ಎಂಟು ಲೋಟವೆಂಬ ಉತ್ತರ ಇಂದು ಎಲ್ಲರ ನಾಲಗೆಯ ಮೇಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಆಹಾರಸೂತ್ರಗಳಲ್ಲಿಯೂ ಆರೋಗ್ಯವಂತನಿಗೆ ದಿನಕ್ಕೆ ಸುಮಾರು 8 ಲೋಟ, ಅಂದರೆ 2 ಲೀಟರ್ ನೀರೆಂದು ಹೇಳಿದೆ. ಆದರೆ ಈ ಎಂಟರ ವಂಶಾವಳಿಯನ್ನು ಹಿಡಿದು ಹೊರಟ ಹೈನ್ಸ್ ವಾಲ್ಟಿನ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞರು, ಅದಕ್ಕೆ ಖಚಿತವಾದ ವೈಜ್ಞಾನಿಕ ಆಧಾರ ತಮಗೆ ಸಿಕ್ಕಲಿಲ್ಲವೆಂದು 2002ರಲ್ಲಿ ಬರೆದರು. 1945ರಷ್ಟು ಹಿಂದೆಯೇ ಅಮೆರಿಕದ ಆಹಾರ ಮತ್ತು ಪೋಷಣ ಮಂಡಳಿಯು, ತಿಂದ ಒಂದೊಂದು ಕ್ಯಾಲೊರಿಗೆ ಒಂದೊಂದು ಮಿಲಿಲೀಟರ್ ಎಂಬ ಲೆಕ್ಕದಲ್ಲಿ ದಿನಕ್ಕೆ ಸುಮಾರು ಎರಡೂವರೆ ಲೀಟರೆಂದು ಹೇಳಿ, ಅದರ ಬೆನ್ನಿಗೇ, ಈ ನೀರಿನ ಬಹುಭಾಗ ಆಹಾರದಲ್ಲಿಯೇ ಇರುತ್ತದೆಂದೂ ಸೇರಿಸಿತ್ತು. ಲೋಕ ಮೊದಲನೆಯ ವಾಕ್ಯವನ್ನು ಓದಿ ಎರಡನೆಯದನ್ನು ಬಿಟ್ಟಿತು. ಪರೀಕ್ಷೆಗೆ ಓದುವವರಲ್ಲಿಯೂ ಈ ಪದ್ಧತಿ ಪ್ರಚಲಿತವಾಗಿದೆ. ಈಚಿನ ಲೆಕ್ಕಗಳೂ ಒಂದೇ ಸಮನಾಗಿಲ್ಲ: ಅಮೆರಿಕದ ವಿದ್ವನ್ಮಂಡಳಿ 2004ರಲ್ಲಿ ಆಹಾರ ಪಾನೀಯಗಳೆಲ್ಲ ಸೇರಿ ಗಂಡಸಿಗೆ 3.7 ಲೀಟರ್, ಹೆಂಗಸಿಗೆ 2.7 ಲೀಟರ್ ಎಂದರೆ, ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ 2.5 ಮತ್ತು 2 ಎಂದಿತು. ಇವೆರಡೂ ತಂಪು ದೇಶಗಳ ಲೆಕ್ಕ. ಏಪ್ರಿಲ್ಲಿನಲ್ಲಿ ಪಾದರಸ 38ರ ಆಚೆಗೆ ಏರುವ ಊರಿನಲ್ಲಿ, ತಗಡಿನ ಮಾಡಿನ ರೂಮಿನಲ್ಲಿ ಓದಿಕೊಳ್ಳುವವನ ಬೆವರಿನ ಬಾಬತ್ತು ಅವುಗಳಲ್ಲಿ ಸೇರಿಲ್ಲ.

ಆದ್ದರಿಂದ ಸಂಖ್ಯೆಗಿಂತ ದೇಹದ ಏರ್ಪಾಡನ್ನೇ ತಿಳಿದುಕೊಳ್ಳುವುದು ಲೇಸು. ವಯಸ್ಕನ ದೇಹದ ತೂಕದಲ್ಲಿ ನೂರಕ್ಕೆ 60ರ ಆಸುಪಾಸು ನೀರು, ಹೆಂಗಸರಲ್ಲಿ ಕೊಂಚ ಕಡಮೆ. ಬೆವರು, ಉಸಿರು, ಮೂತ್ರಗಳ ಮೂಲಕ ನೀರು ಹೋಗುತ್ತ ಬಂದು ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡರಷ್ಟು ಏರಿತೋ, ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ಅದನ್ನು ಗ್ರಹಿಸಿ ಎರಡು ಆಜ್ಞೆಗಳನ್ನು ಹೊರಡಿಸುತ್ತದೆ: ಬಾಯಾರಿಕೆಯ ರೂಪದಲ್ಲಿ ಮನಸ್ಸಿಗೊಂದು, ವ್ಯಾಸೊಪ್ರೆಸಿನ್ ಎಂಬ ರಸದ ರೂಪದಲ್ಲಿ ಮೂತ್ರಪಿಂಡಕ್ಕೊಂದು. ಮೊದಲನೆಯ ಆಜ್ಞೆಯನ್ನು ಮನಸ್ಸು ಪಾಲಿಸದೆ ಹೋದರೂ, ಎರಡನೆಯದನ್ನು ಮೂತ್ರಪಿಂಡ ಪಾಲಿಸಿ, ಇದ್ದ ನೀರನ್ನೇ ಹಿಡಿದಿಟ್ಟುಕೊಂಡು ಮೂತ್ರವನ್ನು ಗಟ್ಟಿಮಾಡುತ್ತದೆ. ಆದರೆ ಈ ಮಿತವ್ಯಯಕ್ಕೂ ಎಲ್ಲೆಯುಂಟು. ರಕ್ತದ ಕಲ್ಮಷವನ್ನು ಹೊರಹಾಕಲು ದಿನಕ್ಕೆ ಅರ್ಧ ಲೀಟರಿನಷ್ಟು ಮೂತ್ರವಾದರೂ ಬೇಕೇಬೇಕು. ಮೂತ್ರ ತಿಳಿಹಳದಿಯಾಗಿದ್ದರೆ ಸರಿ, ಕಡುಹಳದಿಗೆ ತಿರುಗಿದರೆ ನೀರು ಸಾಲದು ಎಂಬ ಹಳೆಯ ಗುರುತು, ಯಾವ ಆ್ಯಪಿಗೂ ಕಡಮೆಯಿಲ್ಲದ ಸಾಧನ. ಆಹಾರದ ನೀರನ್ನೂ ಮರೆಯಬಾರದು: ಸಾರು, ಮಜ್ಜಿಗೆ, ಸೌತೆಕಾಯಿ, ಕಲ್ಲಂಗಡಿಗಳನ್ನು ಉಂಡವನ ಲೆಕ್ಕ ಬೇರೆ, ಒಣ ರೊಟ್ಟಿ, ಚಟ್ನಿಪುಡಿ, ಚಿಪ್ಸಿನ ಪೊಟ್ಟಣಗಳಲ್ಲಿ ದಿನ ತಳ್ಳಿದವನ ಲೆಕ್ಕ ಬೇರೆ. ಊಟದ ಕೊನೆಗೆ ಮಜ್ಜಿಗೆಯನ್ನು ಕಡ್ಡಾಯವಾಗಿ ಇಟ್ಟ ನಮ್ಮ ಹಿರಿಯರ ಕ್ರಮವನ್ನು ಮೆಸ್ಸುಗಳು ಮರೆತುಬಿಟ್ಟುದರ ನಷ್ಟ ರುಚಿಗೆ ಮಾತ್ರ ಸಂಬಂಧಿಸಿದ್ದಲ್ಲ.

ನೀರಿಗೂ ಓದಿಗೂ ಸಂಬಂಧವುಂಟೇ ಎಂದು ವಿದ್ಯಾರ್ಥಿಯು ಕೇಳಿದರೆ, ಉಂಟೆನ್ನಬೇಕು, ಆದರೆ ಎಚ್ಚರಿಕೆಯಿಂದ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಇಪ್ಪತ್ತರ ಆಚೀಚೆಯ ತರುಣ ತರುಣಿಯರನ್ನು ಪರೀಕ್ಷಿಸಿ, 2011 ಮತ್ತು 2012ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಲ್ಲಿ, ದೇಹದ ತೂಕದ ನೂರಕ್ಕೆ ಒಂದೂವರೆಯಷ್ಟು ನೀರು ಕಳೆದುಹೋದ ಮಾತ್ರಕ್ಕೆ ತರುಣರಲ್ಲಿ ಗಮನವೂ ತಾತ್ಕಾಲಿಕ ಸ್ಮರಣೆಯೂ ಕುಂದಿತೆಂದೂ, ತರುಣಿಯರಲ್ಲಿ ತಲೆನೋವು, ಬಳಲಿಕೆ, ಮನಸ್ಸಿನ ಬೇಸರಗಳು ಹೆಚ್ಚಿದವೆಂದೂ ತೋರಿಸಿದರು. 60 ಕಿಲೋ ತೂಗುವವನಿಗೆ ಇದು ಸುಮಾರು ಒಂಬೈನೂರು ಮಿಲಿಲೀಟರ್. ಬೇಸಿಗೆಯ ಮಧ್ಯಾಹ್ನದಲ್ಲಿ ಕಳೆದುಕೊಳ್ಳಲು ಕಷ್ಟವಾದ ಪ್ರಮಾಣವೇನಲ್ಲ. ಪರೀಕ್ಷಾ ಕೊಠಡಿಗೆ ನೀರು ತಂದ ವಿದ್ಯಾರ್ಥಿಗಳಿಗೆ ತಾರದವರಿಗಿಂತ ಕೊಂಚ ಹೆಚ್ಚು ಅಂಕ ಬಂತೆಂದು ಲಂಡನ್ನಿನ ಒಂದು ವಿಶ್ವವಿದ್ಯಾಲಯದಿಂದ 2012ರಲ್ಲಿ ಸುದ್ದಿ ಬಂದಿತ್ತು. ಆದರೆ ನೀರು ತರುವಷ್ಟು ಮುಂದಾಲೋಚನೆಯಿದ್ದವನು ಪಾಠವನ್ನೂ ಓದಿಕೊಂಡು ಬಂದಿರಲಾರನೇ? ಬಾಟಲಿಯನ್ನು ಹೊತ್ತ ಮಾತ್ರಕ್ಕೆ ಅಂಕ ಸುರಿಯುವುದಾಗಿದ್ದರೆ, ನಮ್ಮ ಬಡಾವಣೆಯ ಎಲ್ಲ ಮಕ್ಕಳೂ ರ್‍ಯಾಂಕ್ ಬರಬೇಕಾಗಿತ್ತು.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಹುಡುಗಿಯರ ಬಾಟಲಿಗಳು ತುಂಬಿಯೇ ಏಕೆ ಮನೆಗೆ ಬರುತ್ತವೆ? ನಮ್ಮ ಪಕ್ಕದ ಮನೆಯ ಮಹಡಿಯಲ್ಲಿ ರೂಮು ಮಾಡಿಕೊಂಡಿದ್ದ, ಪದವಿಯ ಎರಡನೆಯ ವರ್ಷದ ಹುಡುಗಿಯೊಬ್ಬಳನ್ನು, ತಲೆನೋವೆಂದು ಮಾತ್ರೆ ಕೇಳಲು ಬಂದಾಗ, ನನ್ನ ಹೆಂಡತಿ ಇದನ್ನೇ ಕೇಳಿದಳು: "ನೀರು ಸರಿಯಾಗಿ ಕುಡೀತೀಯೇನೆ?" ಆ ಹುಡುಗಿ ನನ್ನ ಕಡೆಗೊಮ್ಮೆ ನೋಡಿ, ಸಂಕೋಚದಿಂದ ದನಿ ತಗ್ಗಿಸಿ ಹೇಳಿದ್ದು ಇಷ್ಟು: "ಕುಡಿದ್ರೆ ಹೋಗ್ಬೇಕಾಗ್ತತಲ್ರೀ ಆಂಟಿ. ಹೋಗಾಕೆ ಎಲ್ಲೈತಿ ಹೇಳ್ರಿ?" ನಾನು ಓದಿದ ಯಾವ ಪ್ರಬಂಧದಲ್ಲಿಯೂ ಈ ವಿಷಯ ಇಷ್ಟು ಚೊಕ್ಕವಾಗಿ ನಿರೂಪಿತವಾಗಿರಲಿಲ್ಲ. ನೀರು ಒಳಗೆ ಹೋಗುವ ದಾರಿಯನ್ನು ಕುರಿತು ನಾವು ಭಾಷಣ ಮಾಡುತ್ತೇವೆ. ಅದು ಹೊರಗೆ ಬರುವ ದಾರಿಯನ್ನು ಕುರಿತು ಸಭ್ಯತೆಯ ನೆಪದಲ್ಲಿ ಸುಮ್ಮನಾಗುತ್ತೇವೆ.

ನಮ್ಮ ಪ್ರಾಚೀನರಿಗೆ ಈ ಸಂಕೋಚವಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ, ಎಂದಿಗೂ ತಡೆಹಿಡಿಯಬಾರದ ಹದಿಮೂರು ಸಹಜ ವೇಗಗಳ ಗಣನೆಯಿದೆ. ಆ ಹದಿಮೂರರಲ್ಲಿ ಮೂತ್ರವೇಗವೂ ಇದೆ, ಪಿಪಾಸೆಯೂ ಇದೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಸಮಾನ ಗೌರವದಿಂದ ಎಣಿಸಿ, ಒಂದೊಂದನ್ನು ತಡೆದುದರಿಂದ ಬರುವ ವ್ಯಾಧಿಗಳನ್ನು ಹೇಳಿದ ಆ ಗ್ರಂಥಕಾರನು, ಒಂದನ್ನು ತಡೆಯಬೇಕಾಗುತ್ತದೆಂಬ ಭಯದಿಂದಲೇ ಇನ್ನೊಂದನ್ನು ತಡೆದುಕೊಳ್ಳುವ ಜನರು ಮುಂದೊಂದು ಕಾಲಕ್ಕೆ ಮಹಾವಿದ್ಯಾಲಯಗಳಲ್ಲಿಯೇ ಹುಟ್ಟಿಕೊಳ್ಳುವರೆಂದು ಊಹಿಸಿರಲಾರನು. ನಮ್ಮ ವಿದ್ಯಾರ್ಥಿನಿಯರು ಮಾಡುತ್ತಿರುವುದು ಇದನ್ನೇ. ಬೆಳಗ್ಗೆ ಏಳೂವರೆಗೆ ಹರಿಹರದಲ್ಲಿ ಬಸ್ಸು ಹತ್ತುವ ಹುಡುಗಿ ಸಂಜೆ ಐದೂವರೆಗೆ ಮನೆ ಮುಟ್ಟುವವರೆಗೆ, ಹತ್ತು ಗಂಟೆಗಳ ಕಾಲ, ಕುಡಿಯುವ ಒಂದೊಂದು ಗುಟುಕನ್ನೂ ಲೆಕ್ಕ ಹಾಕುತ್ತಾಳೆ. ಕಾಲೇಜಿನಲ್ಲಿ ಶೌಚಾಲಯವಿಲ್ಲವೆಂದಲ್ಲ, ಕಟ್ಟಡದ ನಕ್ಷೆಯಲ್ಲಿ ಎಲ್ಲ ಕಾಲೇಜುಗಳಲ್ಲಿಯೂ ಇದೆ. ಆದರೆ ಚಿಲಕ ಕಿತ್ತುಹೋಗಿದೆ, ನಲ್ಲಿಯಲ್ಲಿ ನೀರಿಲ್ಲ, ಬಕೆಟ್ಟು ಕಾಣೆಯಾಗಿದೆ, ಇಲ್ಲವೆ ಬಾಗಿಲಿಗೇ ಬೀಗವಿದ್ದು ಬೀಗದ ಕೈ ಯಾರ ಬಳಿ ಇದೆಯೆಂದು ಅಟೆಂಡರಿಗೂ ತಿಳಿಯದು. ಮುಟ್ಟಿನ ದಿನಗಳಲ್ಲಂತೂ ಕೆಲವರು ಕಾಲೇಜಿಗೇ ಹೋಗುವುದಿಲ್ಲ. ಹಾಜರಿ ಪುಸ್ತಕಕ್ಕೆ ಕಾರಣ ತಿಳಿಯುವುದಿಲ್ಲ.

ಇದರ ಫಲ ಕ್ಷುಲ್ಲಕವಲ್ಲ. ಹೆಂಗಸರಲ್ಲಿ ಮೂತ್ರವಿಸರ್ಜನಾ ನಾಳದ ಉದ್ದ ನಾಲ್ಕು ಸೆಂಟಿಮೀಟರಿನಷ್ಟು ಮಾತ್ರವಾದುದರಿಂದ ಸೋಂಕಿನ ಜೀವಾಣುಗಳು ಮೂತ್ರಕೋಶವನ್ನು ಮುಟ್ಟುವುದು ಸುಲಭ; ಆಗಾಗ ಮೂತ್ರ ಹರಿದು ಅವುಗಳನ್ನು ತೊಳೆದುಹಾಕುತ್ತಿದ್ದರೆ ಮಾತ್ರ ರಕ್ಷಣೆ. ನೀರನ್ನೂ ಕುಡಿಯದೆ, ಮೂತ್ರವನ್ನೂ ತಡೆದುಕೊಂಡರೆ ಈ ರಕ್ಷಣೆ ಎರಡು ಕಡೆಯಿಂದಲೂ ಕುಸಿಯುತ್ತದೆ. ಉರಿಮೂತ್ರ, ಜ್ವರ, ಕೆಳಹೊಟ್ಟೆಯ ನೋವು, ಮತ್ತೆ ಮತ್ತೆ ಆ್ಯಂಟಿಬಯಾಟಿಕ್ ಮಾತ್ರೆ. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಮೆ ಪಾನೀಯ ಸೇವಿಸುತ್ತಿದ್ದ, ಪದೇ ಪದೇ ಈ ಸೋಂಕಿಗೆ ತುತ್ತಾಗುತ್ತಿದ್ದ 140 ಮಂದಿ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ನೀರು ಕುಡಿದವರಿಗೆ ಸರಾಸರಿ 1.7 ಬಾರಿ, ಮೊದಲಿನಂತೆಯೇ ಇದ್ದವರಿಗೆ 3.2 ಬಾರಿ ಸೋಂಕು ಕಾಣಿಸಿತು. ಹುಡುಗರಿಗೂ ಈ ವಿಷಯದಲ್ಲಿ ಪೂರ್ಣ ವಿನಾಯಿತಿಯಿಲ್ಲ. ಮೂತ್ರಪಿಂಡದ ಕಲ್ಲು ಒಮ್ಮೆ ಬಂದವರನ್ನು ಐದು ವರ್ಷ ಹಿಂಬಾಲಿಸಿದ ಇಟಲಿಯ ಅಧ್ಯಯನವೊಂದರಲ್ಲಿ, ಧಾರಾಳವಾಗಿ ನೀರು ಕುಡಿದವರಲ್ಲಿ ನೂರಕ್ಕೆ 12 ಮಂದಿಗೂ ಉಳಿದವರಲ್ಲಿ 27 ಮಂದಿಗೂ ಕಲ್ಲು ಮರುಕಳಿಸಿತು. ಆದರೆ ಹುಡುಗನಿಗೆ ದಾರಿಯ ಬದಿಯ ಯಾವ ಗೋಡೆಯೂ ಸಾಕು. ಇದು ಊರಿನ ನೈರ್ಮಲ್ಯಕ್ಕೆ ಅವಮಾನವಾದರೂ ಅವನ ಮೂತ್ರಪಿಂಡಕ್ಕೆ ಉಪಕಾರ.

ಈ ಸಂಗತಿಯನ್ನು ಗಮನಿಸದೆ, ನೀರು ಕುಡಿಯಿರಿ ಎಂದು ಭಿತ್ತಿಪತ್ರ ಅಂಟಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಭಿತ್ತಿಪತ್ರದ ಊಹೆಯೆಂದರೆ ವಿದ್ಯಾರ್ಥಿನಿಗೆ ತಿಳಿವಳಿಕೆ ಸಾಲದು ಎಂಬುದು. ಆಕೆಗೆ ತಿಳಿವಳಿಕೆ ಬೇಕಾದಷ್ಟಿದೆ. ಜೀವಶಾಸ್ತ್ರದಲ್ಲಿ ಮೂತ್ರಪಿಂಡದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂಕ ಪಡೆದೇ ಆಕೆ ಇಲ್ಲಿಗೆ ಬಂದದ್ದು. ಆಕೆ ನೀರು ಕುಡಿಯದಿರುವುದು ಅವಿವೇಕದಿಂದಲ್ಲ, ಇದ್ದ ಪರಿಸ್ಥಿತಿಯಲ್ಲಿ ಅತ್ಯಂತ ವಿವೇಕದಿಂದ.

ಇನ್ನೊಂದು ತುದಿಯೂ ಇದೆ. ಅದನ್ನು ಬೇಗನೆ ಮುಗಿಸುತ್ತೇನೆ. ಈಚೆಗೆ ಜಿಮ್ಮಿಗೆ ಹೋಗುವ ತರುಣರು, ಮೈಮೇಲೆ ಗಂಟೆಗಳ ಗುರುತು ಹೊಡೆದ ಎರಡು ಲೀಟರಿನ ಬಾಟಲಿಗಳನ್ನು ಹಿಡಿದು, ಬಾಯಾರಲಿ ಬಾಯಾರದಿರಲಿ, ಗುರುತಿನ ಪ್ರಕಾರ ಕುಡಿಯುತ್ತಾರೆ. ಆರೋಗ್ಯವಂತನ ಮೂತ್ರಪಿಂಡ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟು ನೀರನ್ನು ಹೊರಹಾಕಬಲ್ಲದು. ಅದನ್ನು ಮೀರಿ ಒಮ್ಮೆಗೇ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗಿ, ತಲೆಸುತ್ತು ವಾಂತಿಗಳಿಂದ ಹಿಡಿದು ಪ್ರಾಣಾಪಾಯದವರೆಗೂ ಹೋಗಬಹುದು. 2002ರ ಬೋಸ್ಟನ್ ಮ್ಯಾರಥಾನ್ ಓಡಿದವರಲ್ಲಿ ರಕ್ತಪರೀಕ್ಷೆಗೆ ಒಳಗಾದವರ ಪೈಕಿ ನೂರಕ್ಕೆ 13 ಮಂದಿಗೆ ಸೋಡಿಯಂ ಕುಗ್ಗಿತ್ತು. ನಮ್ಮ ಕಬಡ್ಡಿಯ ಹುಡುಗರಿಗೆ, ಬೆವರಿಳಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆಯಾಗಲಿ ಲಿಂಬೆಹಣ್ಣಿನ ಪಾನಕವಾಗಲಿ ಸಾಕು. ವಾಂತಿ ಭೇದಿಯಾದಾಗ ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬಣ್ಣದ ಶೀಸೆಗಳ ಸ್ಪೋರ್ಟ್ಸ್ ಪಾನೀಯಕ್ಕೆ ಕಾಸು ಚೆಲ್ಲಬೇಕಾಗಿಲ್ಲ.

ದಾರಿಹೋಕರ ಬಾಯಾರಿಕೆಯನ್ನು ತನ್ನ ಹೊಣೆಯೆಂದು ತಿಳಿದುಕೊಂಡ ನಾಡು ನಮ್ಮದು. ಅರವಟ್ಟಿಗೆಗೆಂದು ಭೂಮಿ ಬಿಟ್ಟ ದಾನಿಗಳ ಹೆಸರುಗಳು ಶಾಸನಗಳಲ್ಲಿವೆ. ಇಂದಿಗೂ ಬೇಸಿಗೆಯಲ್ಲಿ ಯುವಕ ಸಂಘಗಳೂ ಅಂಗಡಿಕಾರರೂ ಸರ್ಕಲ್ಲುಗಳಲ್ಲಿ ಅರವಟ್ಟಿಗೆಯಿಟ್ಟು, ಮಣ್ಣಿನ ಗಡಿಗೆಗೆ ಒದ್ದೆ ಗೋಣಿತಾಟು ಸುತ್ತಿ, ಬಂದವರಿಗೆಲ್ಲ ನೀರು ಕೊಡುತ್ತಾರೆ. ರಾಮನವಮಿಯ ದಿನ ಪಾನಕ ಕೋಸಂಬರಿಗಳಿಗೆ ಜಾತಿಮತಗಳ ಎಣಿಕೆಯಿರುವುದಿಲ್ಲ. ಈ ಜಿಲ್ಲೆಯಲ್ಲಿಯೇ ಸಂತೇಬೆನ್ನೂರಿನ ಪುಷ್ಕರಣಿಯಿದೆ, ಕುಡಿಯುವ ನೀರನ್ನು ಚಿತ್ರದುರ್ಗದವರೆಗೂ ಕಳುಹಿಸುವ, ಶಾಂತಿಸಾಗರವೆಂದೂ ಕರೆಯುವ ಸೂಳೆಕೆರೆಯಿದೆ. ನೀರು ಕೊಡುವುದರಲ್ಲಿ ನಾವು ಎಂದೂ ಜಿಪುಣರಲ್ಲ. ಆದರೆ ಈ ದಾನಪರಂಪರೆಯಲ್ಲಿ ಒಂದು ಕೊರತೆಯನ್ನು ಗುರುತಿಸದೆ ಇರಲಾರೆ: ಅರವಟ್ಟಿಗೆ ಕಟ್ಟಿಸಿದ ಪುಣ್ಯವಂತರ ಹೆಸರನ್ನು ಕಲ್ಲಿನಲ್ಲಿ ಕೆತ್ತುತ್ತೇವೆ, ಹೆಂಗಸರಿಗೊಂದು ಶೌಚಾಲಯ ಕಟ್ಟಿಸಿ ಅದನ್ನು ನಿತ್ಯ ತೊಳೆಯುವ ಖರ್ಚಿಗೆ ಹಣವಿಟ್ಟ ದಾನಿಯ ಫಲಕವನ್ನು ನಾನು ಈ ಊರಿನ ಯಾವ ಗೋಡೆಯ ಮೇಲೂ ಕಂಡಿಲ್ಲ. ನೀರಿನ ಕೂಲರ್ ದಾನ ಮಾಡಿದವರ ಫಲಕಗಳು ಮಾತ್ರ ಹೇರಳವಾಗಿವೆ, ಕೂಲರ್ ಕೆಟ್ಟುನಿಂತ ಮೇಲೂ ಅವು ಹೊಳೆಯುತ್ತವೆ.

2019ರ ಕೊನೆಯಲ್ಲಿ, ಮಕ್ಕಳಿಗೆ ನೀರು ಕುಡಿಯುವುದನ್ನು ನೆನಪಿಸಲು ಶಾಲೆಗಳಲ್ಲಿ ಗಂಟೆ ಬಾರಿಸುವ ಕೇರಳದ ಕ್ರಮ ಸುದ್ದಿಯಾದಾಗ, ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರು ಅದನ್ನು ಕರ್ನಾಟಕದ ಶಾಲೆಗಳಲ್ಲಿಯೂ ತರುವ ಮಾತನಾಡಿದ್ದರು. ಕಾಲೇಜಿಗೆ ಗಂಟೆಯೂ ಬರಲಿಲ್ಲ. ಹದಿನೆಂಟು ದಾಟಿದವರಿಗೆ ಗಂಟೆ ಬಾರಿಸಿ ನೀರು ಕುಡಿಸುವುದು ಹಾಸ್ಯಾಸ್ಪದವೂ ಆದೀತು. ಅವರಿಗೆ ಬೇಕಾದ ಏರ್ಪಾಡು ಇದಕ್ಕಿಂತ ಸರಳ, ಆದರೆ ಇದಕ್ಕಿಂತ ದುಬಾರಿ: ಪ್ರತಿ ಮಹಡಿಯಲ್ಲಿ ಒಂದು ನಲ್ಲಿ, ಅದರ ನೀರಿನ ಪರೀಕ್ಷೆಯ ಫಲಿತವನ್ನು ಅದರ ಪಕ್ಕದಲ್ಲಿಯೇ ತೂಗುಹಾಕುವುದು, ಚಿಲಕವುಳ್ಳ ನೀರುಳ್ಳ ಶೌಚಾಲಯ, ದಿನಕ್ಕೆ ಮೂರು ಬಾರಿ ಅದನ್ನು ತೊಳೆಯುವವರಿಗೆ ತಿಂಗಳ ಕೊನೆಗೆ ತಪ್ಪದೆ ಸಂಬಳ. ಮೂರು ಗಂಟೆಯ ಪರೀಕ್ಷೆಯಲ್ಲಿ ನಡುವೆ ಎದ್ದುಹೋಗಲು ಕೇಳಿದ ಹುಡುಗಿಯನ್ನು ಕಳ್ಳಿಯಂತೆ ನೋಡದ ಮೇಲ್ವಿಚಾರಕರೂ ಬೇಕು. ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲವೆಂಬುದಕ್ಕೆ ಸಾಕ್ಷಿ, ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಮಿತಿಯು ತನಿಖೆಗೆ ಬರುವ ವಾರ. ಆ ವಾರದಲ್ಲಿ ಬೀಗಗಳು ತಾವಾಗಿ ತೆರೆಯುತ್ತವೆ, ಚಿಲಕಗಳು ಬಿಗಿಗೊಳ್ಳುತ್ತವೆ, ನಲ್ಲಿಗಳಲ್ಲಿ ನೀರು ಬರುತ್ತದೆ, ಫಿನಾಯಿಲಿನ ವಾಸನೆ ವರಾಂಡದ ತುದಿಯವರೆಗೂ ಹಬ್ಬುತ್ತದೆ ಎಂದು ಆ ಹುಡುಗಿಯರೇ ನಗುತ್ತ ಹೇಳುತ್ತಾರೆ. "ಆ ವಾರ ನಾವು ಎರಡೆರಡು ಬಾಟ್ಲಿ ಕುಡೀತೀವ್ರೀ ಆಂಟಿ," ಎಂದಳು ಮಹಡಿಯ ಹುಡುಗಿ. ಸಮಿತಿಯವರು ಮುಂದೆ ಯಾವಾಗ ಬರುವರೆಂದು ವಿಚಾರಿಸಿದರೆ, ಐದು ವರ್ಷಕ್ಕೊಮ್ಮೆ ಎಂದು ಗೊತ್ತಾಯಿತು.